ಕಾರ್ ಪಾರ್ಕಿನ ಕೆಳಗೆ ರಾಜ ಸಿಕ್ಕಿದ್ದು ಅದೃಷ್ಟದಿಂದಲೇ?

ಪ್ರಶ್ನೆ: ಮಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸದಲ್ಲಿದ್ದಾನೆ. ಹೋದ ಸಲ ಅಲ್ಲಿಗೆ ಹೋಗಿದ್ದಾಗ ಮೂರನೇ ರಿಚರ್ಡ್‌ನ ಸಮಾಧಿ ನೋಡಿ ಬಂದೆವು. ಕಾರ್ ಪಾರ್ಕ್ ಅಗೆಯಲು ಶುರು ಮಾಡಿದ ಮೊದಲ ದಿನವೇ ಮೂಳೆ ಸಿಕ್ಕಿತಂತೆ. ಇದು ಅದೃಷ್ಟವಲ್ಲದೆ ಮತ್ತೇನು? ಅಲ್ಲಿ ಊರೂರಿಗೂ ಪುರಾತತ್ತ್ವ ಸಂಘಗಳಿವೆ ಎನ್ನುತ್ತಾರೆ. ವಿಶ್ವವಿದ್ಯಾಲಯ, ಮ್ಯೂಸಿಯಂ ಎಲ್ಲ ಇರುವಾಗ ಹವ್ಯಾಸಿಗಳಿಂದ ಆಗುವುದೇನು? ನಾನು ನಿವೃತ್ತ ಶಿಕ್ಷಕ. ಮುಂದಿನ ವರ್ಷ ಕೆಲವು ತಿಂಗಳು ಮಗನ ಮನೆಯಲ್ಲಿರುತ್ತೇನೆ. ನನ್ನಂಥವರು ಈ ಕೆಲಸದಲ್ಲಿ ಕೈಜೋಡಿಸಬಹುದೇ?

ಉತ್ತರ: ಮೊದಲ ದಿನ ಮೂಳೆ ಸಿಕ್ಕಿದ್ದು ಅದೃಷ್ಟ, ಒಪ್ಪೋಣ. ಆದರೆ ಅಗೆತ ಆ ಜಾಗದಲ್ಲೇ ನಡೆದದ್ದು ಅದೃಷ್ಟವಲ್ಲ. ಅದರ ಹಿಂದೆ ಐದು ಶತಮಾನಗಳ ಬರವಣಿಗೆ ಇದೆ. ಆ ಬರವಣಿಗೆಯ ಬಹುಭಾಗ ಸಂಬಳಕ್ಕಾಗಿ ಬರೆದದ್ದಲ್ಲ. ಊರಿನ ಮೇಲಿನ ಅಕ್ಕರೆಗೆ, ಕುತೂಹಲಕ್ಕೆ ಬರೆದದ್ದು. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಅಲ್ಲೇ ಇರುವುದರಿಂದ ರಿಚರ್ಡ್‌ನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1485ರ ಆಗಸ್ಟ್ 22ರಂದು ಬಾಸ್ವರ್ತ್ ಯುದ್ಧದಲ್ಲಿ ರಿಚರ್ಡ್ ಸತ್ತ. ಆಗ ಅವನಿಗೆ 32 ವರ್ಷ. ಗೆದ್ದವರು ಶವವನ್ನು ಲೆಸ್ಟರ್‌ಗೆ ತಂದು ಜನರ ಕಣ್ಣಿಗೆ ಬೀಳುವಂತೆ ಇಟ್ಟು, ಆಮೇಲೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠದಲ್ಲಿ ಹೂಳಿಸಿದರು. ಬೂದುಬಣ್ಣದ ನಿಲುವಂಗಿ ತೊಡುತ್ತಿದ್ದ ಈ ಸನ್ಯಾಸಿಗಳಿಂದಾಗಿ ಆ ಜಾಗಕ್ಕೆ ಗ್ರೇಫ್ರೈಯರ್ಸ್ ಎಂಬ ಹೆಸರು. ಸುಮಾರು ಹತ್ತು ವರ್ಷದ ಬಳಿಕ, ಬಾಸ್ವರ್ತ್‌ನಲ್ಲಿ ಗೆದ್ದು ರಾಜನಾಗಿದ್ದ ಏಳನೇ ಹೆನ್ರಿ ಅಲ್ಲಿ ಅಲಬಾಸ್ಟರ್ ಕಲ್ಲಿನ ಗೋರಿಯೊಂದಕ್ಕೆ ಹಣ ಕೊಟ್ಟ. ಆ ಕಾಲದಲ್ಲೇ ಬದುಕಿದ್ದ, ವಾರಿಕ್ ಊರಿನ ಜಾನ್ ರೌಸ್ ಎಂಬ ಪಾದ್ರಿ ಎರಡು ಸಂಗತಿ ಬರೆದಿಟ್ಟ. ರಾಜನ ಎರಡು ಹೆಗಲು ಸಮನಾಗಿರಲಿಲ್ಲ ಎಂಬುದು ಒಂದು. ಅವನನ್ನು ಹೂತದ್ದು ಆ ಮಠದ ಚರ್ಚಿನ ಕ್ವಾಯರ್ ಭಾಗದಲ್ಲಿ, ಅಂದರೆ ಸನ್ಯಾಸಿಗಳು ಕೂತು ಪ್ರಾರ್ಥನೆ ಹಾಡುವ ಪೂರ್ವದ ಅಂಕಣದಲ್ಲಿ ಎಂಬುದು ಇನ್ನೊಂದು. ರೌಸ್ ರಿಚರ್ಡ್‌ನ ಹಗೆಯವರ ಕಾಲಕ್ಕೆ ಒಪ್ಪುವಂತೆ ಏನೇನೋ ಬರೆದವನು. ಅವನ ಎಲ್ಲ ಮಾತನ್ನೂ ನಂಬಬೇಕಾಗಿಲ್ಲ. ಆದರೆ ಈ ಎರಡು ವಿವರಗಳು 2012ರಲ್ಲಿ ನೆಲದಿಂದಲೇ ಸಾಕ್ಷಿ ಪಡೆದವು.

1538ರಲ್ಲಿ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಗ್ರೇಫ್ರೈಯರ್ಸ್ ಕೂಡ ಹೋಯಿತು. ಕಲ್ಲು ಯಾರ್ಯಾರದೋ ಮನೆಗೆ ಸೇರಿತು. ಜಾಗ ಕೈಬದಲಾಗುತ್ತ ಕೊನೆಗೆ ಊರಿನ ಮೇಯರ್ ಆಗಿದ್ದ ರಾಬರ್ಟ್ ಹೆರಿಕ್ ಎಂಬವರಿಗೆ ಬಂತು. ಅವರು ಅಲ್ಲಿ ದೊಡ್ಡ ಮನೆ ಕಟ್ಟಿ ತೋಟ ಮಾಡಿದರು. 1612ರಲ್ಲಿ ಆ ಮನೆಗೆ ಬಂದ ಕ್ರಿಸ್ಟೋಫರ್ ರೆನ್ ತೋಟದಲ್ಲಿ ಮೂರಡಿ ಎತ್ತರದ ಒಂದು ಕಲ್ಲುಕಂಬ ನೋಡಿದರು. ಈ ರೆನ್, ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ ವಾಸ್ತುಶಿಲ್ಪಿಯ ತಂದೆ. ಇಂಗ್ಲೆಂಡಿನ ಒಂದು ಕಾಲದ ರಾಜ ಮೂರನೇ ರಿಚರ್ಡ್‌ನ ದೇಹ ಇಲ್ಲಿದೆ ಎಂದು ಕಂಬದ ಮೇಲೆ ಕೆತ್ತಿಸಿತ್ತು. ರೆನ್ ಅದನ್ನು ಬರೆದುಕೊಂಡರು. ಆ ಟಿಪ್ಪಣಿ ಅಚ್ಚಾದದ್ದು 1750ರಲ್ಲಿ, ಮನೆತನದವರು ಹೊರತಂದ ಸ್ಮರಣಗ್ರಂಥದಲ್ಲಿ. ಕಂಬ ಎಂದೋ ಕಾಣೆಯಾಗಿತ್ತು; ಅದನ್ನು ಕಂಡವರ ಒಂದು ಸಾಲು ಮಾತ್ರ ಉಳಿದಿತ್ತು.

ಇದೇ ಹೊತ್ತಿಗೆ ಒಂದು ತಪ್ಪೂ ಹುಟ್ಟಿಕೊಂಡಿತು. ಇಂಗ್ಲೆಂಡಿನ ನಕ್ಷೆಗಳಿಗೆ ಹೆಸರಾದ ಜಾನ್ ಸ್ಪೀಡ್, 1611ರಲ್ಲಿ ಹೊರಬಂದ ತನ್ನ ಇತಿಹಾಸದಲ್ಲಿ, ರಿಚರ್ಡ್‌ನ ಗೋರಿ ಹಾಳಾಗಿ ಮುಳ್ಳು ಗಿಡ ಬೆಳೆದಿದೆ, ಮೂಳೆಗಳನ್ನು ಬೋ ಸೇತುವೆಯ ಬುಡಕ್ಕೆ ಒಯ್ದು ಹಾಕಿದರಂತೆ, ಕಲ್ಲಿನ ಶವಪೆಟ್ಟಿಗೆ ಈಗ ಛತ್ರವೊಂದರಲ್ಲಿ ಕುದುರೆಗಳಿಗೆ ನೀರು ಕುಡಿಸುವ ತೊಟ್ಟಿಯಾಗಿದೆ ಎಂದು ಊರಿನ ಮಾತನ್ನು ದಾಖಲಿಸಿದ. ಅವನ ನಕ್ಷೆ ನೋಡಿದರೆ ಗೊಂದಲ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ: ಡೊಮಿನಿಕನ್ ಸನ್ಯಾಸಿಗಳ ಬ್ಲ್ಯಾಕ್‌ಫ್ರೈಯರ್ಸ್ ಇದ್ದ ಕಡೆಗೆ ಅವನು ಗ್ರೇಫ್ರೈಯರ್ಸ್ ಎಂದು ಗುರುತು ಹಾಕಿದ್ದಾನೆ. ಬಹುಶಃ ಅವನು ಬೇರೆ ಮಠದ ಹಾಳುಬಿದ್ದ ಜಾಗಕ್ಕೆ ಹೋಗಿ ಹುಡುಕಿದ್ದ. ಸ್ಪೀಡ್‌ನ ಹೆಸರು ದೊಡ್ಡದು, ಕಥೆಯೂ ರೋಚಕ. ರಾಜನ ಮೂಳೆ ಹೊಳೆಪಾಲಾಯಿತು ಎಂಬುದನ್ನು ಜನ ತಲೆಮಾರುಗಳ ಕಾಲ ನಂಬಿದರು. 1856ರಲ್ಲಿ ಬೆಂಜಮಿನ್ ಬ್ರಾಡ್‌ಬೆಂಟ್ ಎಂಬ ಸ್ಥಳೀಯ ಕಟ್ಟಡ ಗುತ್ತಿಗೆದಾರರು ರಾಜ ಈ ಸ್ಥಳದ ಸಮೀಪ ಇದ್ದಾನೆಂದು ಸೇತುವೆಯ ಬಳಿ ಫಲಕವನ್ನೇ ಹಾಕಿಸಿದರು. ಅದಾಗಿ ಆರು ವರ್ಷಕ್ಕೆ ಸೋರ್ ನದಿಯ ಕೆಸರಲ್ಲಿ ಅಸ್ಥಿಪಂಜರವೊಂದು ಸಿಕ್ಕಾಗ ಇದೇ ರಾಜನದು ಎಂದು ಗುಲ್ಲೆದ್ದಿತು. ಪರೀಕ್ಷಿಸಿದವರು ಇದು ಇಪ್ಪತ್ತರ ಆಸುಪಾಸಿನ ಯುವಕನದು ಎಂದಾಗ ಗುಲ್ಲು ತಣ್ಣಗಾಯಿತು.

ಒಂದು ಕಡೆ ರೆನ್ ಅವರ ಒಂಟಿ ಸಾಲು, ಇನ್ನೊಂದು ಕಡೆ ಎಲ್ಲರೂ ನಂಬಿದ ಸೇತುವೆಯ ಕಥೆ. ಇವೆರಡನ್ನು ತೂಗಿ ನೋಡಲು ಯಾರಾದರೂ ಬೇಕಿತ್ತು. 1975ರಲ್ಲಿ ರಿಚರ್ಡ್ ಕುರಿತ ಸಂಶೋಧನಾ ಪತ್ರಿಕೆಯಲ್ಲಿ ಆಡ್ರಿ ಸ್ಟ್ರೇಂಜ್ ಎಂಬವರು, ರಾಜ ಈಗ ಕೌಂಟಿ ಕೌನ್ಸಿಲ್ಲಿನ ಕಾರು ನಿಲ್ಲಿಸುವ ಜಾಗದ ಕೆಳಗಿರಬಹುದು ಎಂದರು. 1986ರಲ್ಲಿ ಇತಿಹಾಸಕಾರ ಡೇವಿಡ್ ಬಾಲ್ಡ್‌ವಿನ್ ಎಲ್ಲ ಆಕರಗಳನ್ನೂ ಮತ್ತೆ ಜಾಲಾಡಿ, ಸೇತುವೆಯ ಕಥೆಗೆ ಗಟ್ಟಿ ಆಧಾರವಿಲ್ಲ, ಸಮಾಧಿ ಗ್ರೇಫ್ರೈಯರ್ಸ್ ಆವರಣದಲ್ಲೇ ಉಳಿದಿರಬಹುದು, ಇಪ್ಪತ್ತೊಂದನೇ ಶತಮಾನದಲ್ಲಿ ಯಾರಾದರೂ ಅಗೆದು ಕಂಡುಹಿಡಿದರೂ ಹಿಡಿಯಬಹುದು ಎಂಬ ತೀರ್ಮಾನಕ್ಕೆ ಬಂದರು. ಆ ಲೇಖನ ಪ್ರಕಟವಾದದ್ದು ದೇಶದ ದೊಡ್ಡ ಪತ್ರಿಕೆಯಲ್ಲಲ್ಲ. ಲೆಸ್ಟರ್‌ಶೈರ್ ಪುರಾತತ್ತ್ವ ಮತ್ತು ಇತಿಹಾಸ ಸಂಘದ ವಾರ್ಷಿಕ ಸಂಪುಟದಲ್ಲಿ. ಹವ್ಯಾಸಿಗಳ ಸಂಘ ಏನು ಮಾಡುತ್ತದೆ ಎಂದಿರಲ್ಲ, ಇದನ್ನು ಮಾಡುತ್ತದೆ. ಯಾರಿಗೂ ತುರ್ತಿಲ್ಲದ ಪ್ರಶ್ನೆಯನ್ನು ಶ್ರದ್ಧೆಯಿಂದ ಕೇಳುವವರಿಗೆ ಅಚ್ಚಿನಲ್ಲಿ ಜಾಗ ಕೊಡುತ್ತದೆ, ಮತ್ತು ಆ ಅಚ್ಚಾದದ್ದನ್ನು ಮುಂದಿನವರಿಗೆ ಸಿಗುವಂತೆ ಕಾಪಿಡುತ್ತದೆ.

ಇನ್ನು 2012ಕ್ಕೆ ಬರೋಣ. 1924ರಿಂದ ಇರುವ ರಿಚರ್ಡ್ ಅಭಿಮಾನಿಗಳ ಸಂಘ, ಅದರ ಪರವಾಗಿ ಪಟ್ಟುಹಿಡಿದು ಓಡಾಡಿದ ಫಿಲಿಪಾ ಲ್ಯಾಂಗ್ಲಿ, ಲೆಸ್ಟರ್ ವಿಶ್ವವಿದ್ಯಾಲಯದ ಪುರಾತತ್ತ್ವ ಸೇವಾ ಘಟಕ, ನಗರ ಪಾಲಿಕೆ ಸೇರಿ ಉತ್ಖನನಕ್ಕೆ ಇಳಿದವು. ಹಣ ಸಾಲದೆ ಬಂದಾಗ ಹಲವು ದೇಶಗಳ ಸದಸ್ಯರು ಕೈಯಿಂದ ಹಾಕಿದರು. ಅಗೆತದ ಹೊಣೆ ಹೊತ್ತ ರಿಚರ್ಡ್ ಬಕ್ಲಿ ಅವರ ತಂಡ ತನ್ನ ಗುರಿಗಳನ್ನು ಮೆಟ್ಟಿಲುಗಳಂತೆ ಬರೆದುಕೊಂಡಿತ್ತು. ಮೊದಲು ಮಠದ ಕುರುಹು, ಆಮೇಲೆ ಕಟ್ಟಡಗಳ ದಿಕ್ಕು, ಆಮೇಲೆ ಚರ್ಚು, ಚರ್ಚಿನೊಳಗೆ ಕ್ವಾಯರ್, ಎಲ್ಲಕ್ಕಿಂತ ಕೊನೆಗೆ ರಾಜ. ಕೊನೆಯದು ಸಿಗುತ್ತದೆ ಎಂಬ ಭರವಸೆ ಪುರಾತತ್ತ್ವಜ್ಞರಿಗೇ ಇರಲಿಲ್ಲ. ಅವರಿಗೆ ಊರಿನ ಮಧ್ಯಯುಗದ ಮಠವೊಂದರ ನಕ್ಷೆ ಸಿಕ್ಕರೂ ಸಾಕಿತ್ತು.

ಎಲ್ಲಿ ಅಗೆಯಬೇಕೆಂದು ತೀರ್ಮಾನಿಸಿದ ರೀತಿ ಕಲಿಯುವವರಿಗೆ ಒಳ್ಳೆಯ ಪಾಠ. 1741ರ ನಗರ ನಕ್ಷೆ ಮತ್ತು ಅದರ ಮುಂದಿನ ನಕ್ಷೆಗಳನ್ನು ಒಂದರ ಮೇಲೊಂದು ಹೊಂದಿಸಿದರು. ಹೆರಿಕ್ ಕುಟುಂಬದ ತೋಟ ಎಲ್ಲಿತ್ತು, ಅದರಲ್ಲಿ ಯಾವ ತುಂಡಿನ ಮೇಲೆ ಯಾವ ಕಾಲದಲ್ಲಿ ಕಟ್ಟಡ ಎದ್ದಿತು, ಯಾವ ತುಂಡು ಬಯಲಾಗಿಯೇ ಉಳಿಯಿತು ಎಂಬುದು ಹೀಗೆ ತಿಳಿಯಿತು. ನೆಲದೊಳಗೆ ಹಾಯಿಸಿದ ರಾಡಾರ್ ಹೇಳಿಕೊಳ್ಳುವಂಥದ್ದೇನನ್ನೂ ತೋರಿಸಲಿಲ್ಲ. ಆದರೆ ಮಧ್ಯಯುಗದ ಚರ್ಚುಗಳು ಪೂರ್ವ ಪಶ್ಚಿಮಕ್ಕೆ ಉದ್ದವಾಗಿ ಇರುತ್ತವೆ. ಆದ್ದರಿಂದ ಉತ್ತರ ದಕ್ಷಿಣಕ್ಕೆ ಉದ್ದನೆಯ ಕಿರಿದಾದ ಟ್ರೆಂಚ್ ತೋಡಿದರೆ ಚರ್ಚಿನ ಗೋಡೆಗಳನ್ನು ಎಲ್ಲಾದರೂ ಒಂದು ಕಡೆ ಅಡ್ಡಲಾಗಿ ಕತ್ತರಿಸಲೇಬೇಕು. ಸಮಾಜ ಕಲ್ಯಾಣ ಕಚೇರಿಯ ಕಾರ್ ಪಾರ್ಕಿನಲ್ಲಿ ಅಂಥ ಎರಡು ಟ್ರೆಂಚ್ ಹಾಕಿದರು. ಮುಂದೆ ಪಕ್ಕದ ಹಳೆಯ ಶಾಲೆಯ ಆವರಣದಲ್ಲಿ ಮೂರನೆಯದು.

ಆಗಸ್ಟ್ 25, ಮೊದಲ ದಿನ. ಮೊದಲ ಟ್ರೆಂಚಿನಲ್ಲೇ ಎರಡು ಕಾಲಿನ ಮೂಳೆ ಕಂಡವು. ಆಗ ಅವರು ಮಾಡಿದ ಕೆಲಸವನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ: ಮೂಳೆಯನ್ನು ಹಾಗೇ ಮುಚ್ಚಿಟ್ಟು ಮುಂದೆ ಅಗೆದರು. ಮಠದ ಜಾಗದಲ್ಲಿ ಹೂತವರು ಹಲವರಿರುತ್ತಾರೆ. ಒಂದು ಜೊತೆ ಕಾಲಿನ ಮೂಳೆಗೆ ಅರ್ಥ ಬರುವುದು ಅದು ಕಟ್ಟಡದ ಯಾವ ಭಾಗದಲ್ಲಿದೆ ಎಂದು ಗೊತ್ತಾದಾಗ. ಗೋಡೆಯ ಬುನಾದಿಗಳು, ಸನ್ಯಾಸಿಗಳು ಸಭೆ ಸೇರುತ್ತಿದ್ದ ಕೋಣೆ, ಮೊಗಸಾಲೆ ಒಂದೊಂದೇ ಹೊಂದಿಕೊಂಡು ನಕ್ಷೆ ಮೂಡಿದಾಗ, ಆ ಮೂಳೆ ಇದ್ದದ್ದು ಚರ್ಚಿನ ಕ್ವಾಯರ್ ಭಾಗದಲ್ಲಿ ಎಂದು ತಿಳಿಯಿತು. ರೌಸ್ ಹೇಳಿದ ಜಾಗ. ಸರ್ಕಾರದ ಪರವಾನಗಿ ಪಡೆದು ಸೆಪ್ಟೆಂಬರ್ ಮೊದಲ ವಾರದಲ್ಲಿ ಗುಂಡಿಯನ್ನು ಪೂರ್ತಿ ತೆರೆದರು. ಅವಸರದಲ್ಲಿ ತೋಡಿದ, ದೇಹಕ್ಕಿಂತ ಗಿಡ್ಡವಾದ ಗುಂಡಿ. ತಲೆ ಒಂದು ಅಂಚಿಗೆ ಒರಗಿಕೊಂಡಿತ್ತು. ಬೆನ್ನೆಲುಬು ಹಾವಿನಂತೆ ಬಾಗಿತ್ತು. ತಲೆಬುರುಡೆಯೊಂದರಲ್ಲೇ ಒಂಬತ್ತು ಗಾಯ. ಪಾದಗಳು ಇರಲಿಲ್ಲ, ಹಿಂದೆಂದೋ ಅಲ್ಲಿ ಏನನ್ನೋ ಕಟ್ಟುವಾಗ ಆ ತುದಿ ಕತ್ತರಿಸಿಹೋಗಿತ್ತು. ಆ ಕೆಲಸಗಾರರ ಗುದ್ದಲಿ ಇನ್ನಷ್ಟು ಈ ಕಡೆ ಬಂದಿದ್ದರೆ ಉಳಿಯುತ್ತಿದ್ದದ್ದು ಬರೀ ಮಣ್ಣು. ಅದೃಷ್ಟ ಎಂದು ನೀವು ಕರೆಯಬೇಕಾದದ್ದು ಇದನ್ನು.

ಮುಂದಿನದು ಪ್ರಯೋಗಾಲಯದ ಕೆಲಸ. ಇಂಗಾಲದ ಪರೀಕ್ಷೆ ಹದಿನೈದನೇ ಶತಮಾನದ ಉತ್ತರಾರ್ಧ ಮತ್ತು ಹದಿನಾರನೆಯದರ ಆರಂಭದ ನಡುವಿನ ಕಾಲ ತೋರಿಸಿತು. ರಿಚರ್ಡ್‌ನ ಅಕ್ಕ ಆ್ಯನ್ ಅವಳಿಂದ ತಾಯಿಯ ಕಡೆಯ ಸಂತತಿಯನ್ನು ಜಾನ್ ಆ್ಯಶ್‌ಡೌನ್ ಹಿಲ್ ಎಂಬ ಇತಿಹಾಸಕಾರರು ಉತ್ಖನನಕ್ಕೆ ಎಷ್ಟೋ ಮುಂಚೆಯೇ ಕೆನಡಾದವರೆಗೆ ಹುಡುಕಿಕೊಂಡು ಹೋಗಿದ್ದರು. ತಾಯಿಯಿಂದ ಮಾತ್ರ ಇಳಿದುಬರುವ ಮೈಟೊಕಾಂಡ್ರಿಯಲ್ ಡಿಎನ್ಎ ಹೊಂದಿಕೊಂಡಿತು. 2013ರ ಫೆಬ್ರವರಿ 4ರಂದು ವಿಶ್ವವಿದ್ಯಾಲಯ ವಿಷಯ ಘೋಷಿಸಿತು. 2015ರ ಮಾರ್ಚ್ 26ರಂದು ನೀವು ನೋಡಿದ ಸಮಾಧಿಯಲ್ಲಿ ಮರುಸಂಸ್ಕಾರ ಆಯಿತು. ಡಿಎನ್ಎ ಯಂತ್ರಕ್ಕೆ ಎಲ್ಲ ಕೀರ್ತಿ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಹದಿನೇಳು ತಲೆಮಾರಿನ ಜನನ, ಮದುವೆ, ಮರಣದ ದಾಖಲೆಗಳನ್ನು ಯಾರೋ ಬರೆದಿಟ್ಟಿದ್ದರು, ಯಾರೋ ಕೂತು ಓದಿದರು. ಆ ವಂಶಾವಳಿ ಇಲ್ಲದಿದ್ದರೆ ಹೋಲಿಸಿ ನೋಡಲು ಇನ್ನೊಂದು ಡಿಎನ್ಎ ಎಲ್ಲಿಂದ ಬರಬೇಕಿತ್ತು?

ರಾಜನ ಕಥೆ ಜಗತ್ತಿಗೆಲ್ಲ ಗೊತ್ತು. ಲೆಸ್ಟರ್‌ನ ನೆಲದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಅದು ಸಣ್ಣ ಪಾಲು. ಊರಿನ ಮೂಲ ಹೆಸರು ತಿಳಿದ ಬಗೆಯನ್ನೇ ನೋಡಿ. 1771ರಲ್ಲಿ ಪಕ್ಕದ ಥರ್ಮಾಸ್ಟನ್ ಬಳಿ, ರೋಮನ್ನರ ಹಳೆಯ ಫಾಸ್ ರಸ್ತೆಯ ಬದಿಯಲ್ಲಿ ಒಂದು ಮೈಲಿಗಲ್ಲು ಸಿಕ್ಕಿತು. ಚಕ್ರವರ್ತಿ ಹೇಡ್ರಿಯನ್ ಕಾಲದ್ದು, ಅಂದರೆ ಕ್ರಿ.ಶ. 120ರ ಆಸುಪಾಸಿನದು. ರಾಟೆ ಎಂಬ ಊರಿನಿಂದ ಎರಡು ಮೈಲಿ ಎಂದು ಅದರಲ್ಲಿ ಕೊರೆದಿದೆ. ಕಲ್ಲು ಸಿಕ್ಕ ಜಾಗದಿಂದ ಎರಡು ರೋಮನ್ ಮೈಲಿ ಅಳೆದರೆ ಲೆಸ್ಟರ್. ರೋಮನ್ನರ ದಾರಿಪಟ್ಟಿಗಳಲ್ಲಿ ಬರುವ ರಾಟೆ ಎಂಬ ಪಟ್ಟಣ ಇದೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಇದು ಸಾಕ್ಷಿಯಾದದ್ದು ಕಲ್ಲು ಸಿಕ್ಕ ಜಾಗವನ್ನು ಬರೆದಿಟ್ಟದ್ದರಿಂದ. ಜಾಗ ಗೊತ್ತಿಲ್ಲದ ಮೈಲಿಗಲ್ಲು ಯಾವ ಊರನ್ನೂ ತೋರಿಸುವುದಿಲ್ಲ. ನೀವು ಈ ವಿಷಯದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹದಿನೆಂಟನೇ ಶತಮಾನದ ಕೊನೆಗೆ ಲೆಸ್ಟರ್‌ನಲ್ಲಿ ಇಂಥ ಕೆಲಸ ಮಾಡಿದವರಲ್ಲಿ ಜಾನ್ ಥ್ರಾಸ್ಬಿ ಎಂಬವರಿದ್ದರು. ಅವರ ಉದ್ಯೋಗ ಸೇಂಟ್ ಮಾರ್ಟಿನ್ ಚರ್ಚಿನ ಗುಮಾಸ್ತಿಕೆ. ಈಗ ರಿಚರ್ಡ್‌ನ ಸಮಾಧಿ ಇರುವ ಕೆಥೆಡ್ರಲ್ ಆಗಿರುವುದು ಅದೇ ಚರ್ಚು. ಲಂಡನ್ನಿನ ಮುದ್ರಕ ಜಾನ್ ನಿಕೋಲ್ಸ್ 1795ರಿಂದ 1815ರವರೆಗೆ, ಇಪ್ಪತ್ತು ವರ್ಷ, ಇಡೀ ಲೆಸ್ಟರ್‌ಶೈರ್‌ನ ಇತಿಹಾಸ ಮತ್ತು ಪುರಾವಸ್ತುಗಳ ಬೃಹತ್ ಸಂಪುಟಗಳನ್ನು ಹೊರತಂದರು. ಊರೂರಿನ ಶಾಸನ, ಗೋರಿಕಲ್ಲು, ವಂಶವೃಕ್ಷ, ಹಾಳುಗೋಡೆಗಳ ಚಿತ್ರ ಎಲ್ಲ ಅದರಲ್ಲಿವೆ. ನಡುವೆ 1808ರಲ್ಲಿ ಅವರ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ದಾಸ್ತಾನು ಸುಟ್ಟುಹೋಯಿತು. ಆಗ ಅವರಿಗೆ ಅರವತ್ತು ದಾಟಿತ್ತು. ಕೆಲಸ ಬಿಡಲಿಲ್ಲ. ಅವರು ಬರೆಸಿದ ಚಿತ್ರಗಳಲ್ಲಿರುವ ಎಷ್ಟೋ ಕಟ್ಟಡಗಳು ಈಗ ಇಲ್ಲ, ಚಿತ್ರ ಇದೆ.

1855ರಲ್ಲಿ ಈ ಒಂಟಿ ಆಸಕ್ತರೆಲ್ಲ ಸೇರಿ ಕಟ್ಟಿದ ಸಂಘವೇ ಮುಂದೆ ಬಾಲ್ಡ್‌ವಿನ್ನರ ಲೇಖನ ಪ್ರಕಟಿಸಿದ್ದು. ಪಾದ್ರಿಗಳು, ವಕೀಲರು, ಪತ್ರಿಕಾ ಸಂಪಾದಕ ಜೇಮ್ಸ್ ಥಾಂಪ್ಸನ್ ಅಂಥವರು ಅದರ ಆರಂಭದ ಬಲ. ಪಟ್ಟಣದ ಮಧ್ಯಯುಗದ ಗಿಲ್ಡ್‌ಹಾಲ್ ಇಂದು ನಿಂತಿದ್ದರೆ ಅದರಲ್ಲಿ ಈ ಸಂಘದ ಒತ್ತಾಯವೂ ಇದೆ. ಸಂಘದ ಗ್ರಂಥಾಲಯ ಇರುವುದೂ ಅಲ್ಲೇ.

ಈ ಹಳಬರು ಹೇಳಿದ್ದೆಲ್ಲ ನಿಜವಾಗುತ್ತದೆಂದಲ್ಲ. ಆದರೆ ಅವರ ಮಾತನ್ನು ಕಂತೆ ಎಂದು ತಳ್ಳಿಹಾಕುವ ಮೊದಲು ನೆಲವನ್ನು ಕೇಳಬೇಕು. ಸೇಂಟ್ ಮಾರ್ಟಿನ್ ಚರ್ಚು ರೋಮನ್ ದೇವಾಲಯದ ಜಾಗದಲ್ಲಿ ನಿಂತಿದೆ ಎಂಬ ಪ್ರತೀತಿ ಲೆಸ್ಟರ್‌ನಲ್ಲಿ ಬಹಳ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಗೋಪುರವನ್ನು ಮತ್ತೆ ಕಟ್ಟುವಾಗ ಕೆಳಗೆ ರೋಮನ್ ಕಟ್ಟಡದ ಕುರುಹು ಕಂಡು ಮಾತಿಗೆ ಬಲ ಬಂತು. ಆಮೇಲೆ ನೂರೈವತ್ತು ವರ್ಷ ಯಾವ ಪುರಾವೆಯೂ ಇಲ್ಲ. 2021ರಿಂದ ಕೆಥೆಡ್ರಲ್ಲಿನ ಹೊಸ ಕಟ್ಟಡಕ್ಕಾಗಿ ಹಳೆಯ ಸ್ಮಶಾನದ ಭಾಗವನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಸಮಾಧಿಗಳನ್ನು ದಾಟಿ, ಸುಮಾರು ಮೂರು ಮೀಟರ್ ಆಳದಲ್ಲಿ, ಗೋಡೆಗೆ ಬಣ್ಣ ಬಳಿದ ರೋಮನ್ ನೆಲಮಾಳಿಗೆಯೊಂದು ಸಿಕ್ಕಿತು. ಅದರ ಅವಶೇಷದ ನಡುವೆ ಮೊಣಕೈ ಉದ್ದವೂ ಇಲ್ಲದ ಒಂದು ಬಲಿಪೀಠ ಬೋರಲು ಬಿದ್ದಿತ್ತು. 2023ರಲ್ಲಿ ಸುದ್ದಿ ಹೊರಬಂತು. ಅದು ದೊಡ್ಡ ದೇವಾಲಯವೆಂದು ಹೇಳಲಾಗದು, ಮನೆತನದ ಅಥವಾ ಸಣ್ಣ ಪಂಗಡವೊಂದರ ಪೂಜೆಯ ಕೋಣೆ ಇರಬಹುದು. ಆದರೂ ಪ್ರತೀತಿಯ ದಿಕ್ಕು ಸರಿಯಿತ್ತು.

ನಮ್ಮ ಕಡೆಗೂ ಲೆಸ್ಟರ್‌ಗೂ ಒಂದು ನಿಜವಾದ ನಂಟಿದೆ. ಅದು ಜ್ಯೂರಿ ವಾಲ್ ಎಂಬ ರೋಮನ್ ಗೋಡೆಯ ಮೂಲಕ. ಇಂಗ್ಲೆಂಡಿನಲ್ಲಿ ಇನ್ನೂ ನಿಂತಿರುವ ರೋಮನ್ ಗೋಡೆಗಳಲ್ಲಿ ದೊಡ್ಡದೆನಿಸುವ ಇದು 23 ಮೀಟರ್ ಉದ್ದ, 8 ಮೀಟರಿನಷ್ಟು ಎತ್ತರ. 1930ರ ದಶಕದಲ್ಲಿ ಅದರ ಪಕ್ಕದ ಕಾರ್ಖಾನೆ ಕೆಡವಿ ಸಾರ್ವಜನಿಕ ಈಜುಕೊಳ ಕಟ್ಟಲು ಹೊರಟಾಗ ಕೆಳಗೆ ರೋಮನ್ ಕಟ್ಟಡ ಕಂಡಿತು. 1936ರಿಂದ 1939ರವರೆಗೆ ಅಲ್ಲಿ ಅಗೆದವರು ಕ್ಯಾಥ್ಲೀನ್ ಕೆನ್ಯನ್. ಮುಂದೆ ಜೆರಿಕೊ ಉತ್ಖನನದಿಂದ ಜಗತ್ಪ್ರಸಿದ್ಧರಾದವರು ಇವರೇ. ಅವರು ಕೆಲಸ ಕಲಿತದ್ದು ಮಾರ್ಟಿಮರ್ ವ್ಹೀಲರ್ ಬಳಿ, ಸೇಂಟ್ ಆಲ್ಬನ್ಸ್‌ನ ರೋಮನ್ ಪಟ್ಟಣದಲ್ಲಿ. ಅದೇ ವ್ಹೀಲರ್ ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆದರು. ಅವರಿಗೆ ಮೊದಲೇ ಅಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಗೆದು ದಾರಿ ತೋರಿಸಿದ್ದರು. ಜ್ಯೂರಿ ವಾಲ್‌ನಲ್ಲೂ ಬ್ರಹ್ಮಗಿರಿಯಲ್ಲೂ ಬಳಸಿದ ಪದ್ಧತಿ ಒಂದೇ ಗರಡಿಯದು: ನೆಲವನ್ನು ಪದರಪದರವಾಗಿ ಬಿಡಿಸುವುದು, ಗುಂಡಿಯ ಗೋಡೆಯನ್ನು ನೇರವಾಗಿ ಉಳಿಸಿಕೊಂಡು ಪ್ರತಿ ಪದರದ ಚಿತ್ರ ಬರೆಯುವುದು, ಯಾವ ಚೂರು ಯಾವ ಪದರದ್ದೆಂದು ಗುರುತು ಹಾಕುವುದು. ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳು ಪದರಗಳ ಕಾಲ ತಿಳಿಯಲು ನೆರವಾದವು; ಬ್ರಹ್ಮಗಿರಿಯ ಬೃಹತ್ ಶಿಲಾ ಸಮಾಧಿಗಳಿಗೆ ಕಾಲ ಕಟ್ಟಲು ಆ ಪದರಗಳೇ ಆಧಾರವಾದವು.

ಕೆನ್ಯನ್ ಲೆಸ್ಟರ್‌ನಲ್ಲಿ ಕಂಡದ್ದನ್ನು ಪಟ್ಟಣದ ಫೋರಂ, ಅಂದರೆ ಸಂತೆ ಮತ್ತು ಸಭೆಯ ಚೌಕವೆಂದು, ಆಮೇಲೆ ಅದನ್ನು ಸ್ನಾನಗೃಹವಾಗಿ ಮಾರ್ಪಡಿಸಿದರೆಂದು ಓದಿದರು. ಮುಂದಿನ ದಶಕಗಳಲ್ಲಿ ನಿಜವಾದ ಫೋರಂ ಸ್ವಲ್ಪ ಪೂರ್ವಕ್ಕೆ ಸಿಕ್ಕಿತು. ಜ್ಯೂರಿ ವಾಲ್ ಮೊದಲಿನಿಂದಲೂ ಸ್ನಾನಗೃಹದ ಗೋಡೆ ಎಂದಾಯಿತು. ಆದರೆ ಕೆನ್ಯನ್ ಬರೆದಿಟ್ಟ ಪದರದ ಚಿತ್ರಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ಅರ್ಥ ಹೇಳುವುದರಲ್ಲಿ ಎಡವಿದರೂ ಕಂಡದ್ದನ್ನು ಕಂಡಂತೆ ಬರೆದವರ ಕೆಲಸ ವ್ಯರ್ಥವಾಗುವುದಿಲ್ಲ. ಸ್ಪೀಡ್‌ಗೂ ಕೆನ್ಯನ್‌ಗೂ ಇರುವ ವ್ಯತ್ಯಾಸ ಇದೇ.

1990ರ ನಂತರ ಇಂಗ್ಲೆಂಡಿನಲ್ಲಿ ಪರಿಸ್ಥಿತಿ ಬದಲಾಯಿತು. ಆ ವರ್ಷ ಬಂದ ಯೋಜನಾ ನಿಯಮದಿಂದಾಗಿ, ಪುರಾತನ ನೆಲದ ಮೇಲೆ ಕಟ್ಟಡ ಕಟ್ಟುವವರು ಮೊದಲು ತಮ್ಮ ಖರ್ಚಿನಲ್ಲಿ ಅದರ ಪರಿಶೀಲನೆ ಮಾಡಿಸುವುದು ರೂಢಿಗೆ ಬಂತು. ಇದರಿಂದ ವೃತ್ತಿಪರ ಘಟಕಗಳು ಬೆಳೆದವು. ಲೆಸ್ಟರ್‌ನಲ್ಲಿ ಹೈಕ್ರಾಸ್ ಮಾಲ್ ಏಳುವ ಮೊದಲು ನಡೆದ ದೊಡ್ಡ ಉತ್ಖನನಗಳು ಇಂಥವು. ವೈನ್ ಸ್ಟ್ರೀಟ್ ಎಂಬಲ್ಲಿ ಸೀಸದ ತಗಡೊಂದು ಸಿಕ್ಕಿತು: ಸರ್ವಾಂಡಸ್ ಎಂಬವನ ಮೇಲಂಗಿ ಕಳುವಾಗಿದೆ, ಕದ್ದವನನ್ನು ಮಾಗ್ಲಸ್ ದೇವರಿಗೆ ಒಪ್ಪಿಸಿದ್ದೇನೆ ಎಂದು ಬರೆದು, ಕೆಳಗೆ ಅನುಮಾನ ಇರುವವರ ಹೆಸರುಗಳ ದೊಡ್ಡ ಪಟ್ಟಿ. ಸಿಲ್ವೆಸ್ಟರ್, ಸೆನಿಲಿಸ್, ರಿಗೊಮಾಂಡಸ್. ರೋಮನ್ ಹೆಸರಿನ ಪಕ್ಕದಲ್ಲೇ ಸ್ಥಳೀಯ ಕೆಲ್ಟಿಕ್ ಹೆಸರು. ಸಾವಿರದ ಎಂಟುನೂರು ವರ್ಷದಷ್ಟು ಹಿಂದೆ ಒಂದೇ ಮನೆಯಲ್ಲಿ ಆಳುಗಳಾಗಿದ್ದಿರಬಹುದಾದ ಇವರ ಹೆಸರುಗಳನ್ನು ಓದುವಾಗ ರಾಜನ ಮೂಳೆ ಕಂಡಾಗಿನದಕ್ಕಿಂತ ಹೆಚ್ಚಿನ ರೋಮಾಂಚನ ನನಗಾಗುತ್ತದೆ. ರಾಜರ ಹೆಸರು ಹೇಗೂ ಉಳಿಯುತ್ತದೆ. ಸೆನಿಲಿಸ್‌ನದು ಉಳಿದದ್ದು ಈ ಒಂದು ತಗಡಿನಲ್ಲಿ.

ಹಾಗಾದರೆ ವೃತ್ತಿಪರರಿರುವಾಗ ಸಂಘಗಳು ಯಾಕೆ? ಗುತ್ತಿಗೆಯ ಉತ್ಖನನ ಕಟ್ಟಡ ಏಳುವ ಜಾಗದಲ್ಲಿ ಮಾತ್ರ, ಕಟ್ಟಡದ ಅವಧಿಯೊಳಗೆ ಮಾತ್ರ ನಡೆಯುತ್ತದೆ. ಹೊಲ, ಹಳ್ಳಿ, ಹಳೆಯ ದಾಖಲೆ, ಮನೆಯ ಹಿತ್ತಿಲು ಇವನ್ನು ವರ್ಷಗಟ್ಟಲೆ ನೋಡುವ ಬಿಡುವು ಆ ಘಟಕಗಳಿಗಿಲ್ಲ. ಇದಕ್ಕೆ ಹ್ಯಾಲಟನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ; ನಿಮಗೂ ಹಿಡಿಸುತ್ತದೆ. ನಗರದ ಆಗ್ನೇಯಕ್ಕಿರುವ ಆ ಹಳ್ಳಿಯಲ್ಲಿ ಸ್ಥಳೀಯರ ಗುಂಪೊಂದು ಹೊಲಗಳಲ್ಲಿ ಸಾಲಾಗಿ ನಡೆಯುತ್ತ, ಉಳುಮೆಗೆ ಮೇಲೆ ಬಂದ ಮಡಕೆ ಚೂರುಗಳನ್ನು ಹೆಕ್ಕಿ ನಕ್ಷೆಯಲ್ಲಿ ಗುರುತು ಹಾಕುತ್ತಿತ್ತು. 2000ರಲ್ಲಿ ಅವರಿಗೆ ಕಂಡ ಕುರುಹುಗಳನ್ನು ಹಿಂಬಾಲಿಸಿದ ಗುಂಪಿನ ಸದಸ್ಯರೊಬ್ಬರು, ನಿಮ್ಮಂತೆಯೇ ನಿವೃತ್ತ ಶಿಕ್ಷಕರು, ನಾಣ್ಯಗಳನ್ನು ಪತ್ತೆ ಮಾಡಿದರು. ಅವರು ಎಲ್ಲವನ್ನೂ ಅಗೆದು ತೆಗೆಯಲಿಲ್ಲ. ಅಧಿಕಾರಿಗಳಿಗೆ ತಿಳಿಸಿದರು, ಜಾಗದ ಗುಟ್ಟು ಕಾಪಾಡಿದರು. ಲೆಸ್ಟರ್ ವಿಶ್ವವಿದ್ಯಾಲಯದ ಘಟಕ ಬಂದು ಕ್ರಮವಾಗಿ ಅಗೆದಾಗ ಐದು ಸಾವಿರಕ್ಕೂ ಮೀರಿದ ಕಬ್ಬಿಣಯುಗದ ಮತ್ತು ರೋಮನ್ ನಾಣ್ಯಗಳು, ಬೆಳ್ಳಿ ಹೊದಿಸಿ ಚಿನ್ನದ ಲೇಪ ಕೊಟ್ಟ ರೋಮನ್ ಅಶ್ವದಳದ ಶಿರಸ್ತ್ರಾಣ, ಬಲಿ ಕೊಟ್ಟ ಹಂದಿಗಳ ಮೂಳೆರಾಶಿ ಹೊರಬಂದವು. ಅದು ಹೂತಿಟ್ಟ ನಿಧಿಯಾಗಿರಲಿಲ್ಲ. ಸ್ಥಳೀಯ ಕೊರಿಯೆಲ್ಟೌವಿ ಬುಡಕಟ್ಟಿನವರು ರೋಮನ್ನರು ಕಾಲಿಟ್ಟ ಕಾಲದಲ್ಲಿ ದೇವರಿಗೆ ಅರ್ಪಿಸುತ್ತಿದ್ದ ಬಯಲ ಗುಡಿ. ನಾಣ್ಯಗಳನ್ನಷ್ಟೇ ದೋಚಿದ್ದರೆ ಈ ಅರ್ಥ ಎಂದಿಗೂ ಸಿಗುತ್ತಿರಲಿಲ್ಲ.

ಈಗ ನಿಮ್ಮ ವಿಷಯ. ಪ್ರವಾಸಿ ವೀಸಾದಲ್ಲಿ ಹೋದವರು ಅಲ್ಲಿ ನೋಂದಾಯಿತ ಚಾರಿಟಿ ಸಂಸ್ಥೆಗೆ ಒಟ್ಟು 30 ದಿನದವರೆಗೆ ಮಾತ್ರ ಸ್ವಯಂಸೇವೆ ಮಾಡಬಹುದು. ಹೊರಡುವ ಮೊದಲು ಆಗಿನ ನಿಯಮ ನೋಡಿಕೊಳ್ಳಿ. ಉಪನ್ಯಾಸ ಕೇಳುವುದಕ್ಕೆ, ಗ್ರಂಥಾಲಯ ಮತ್ತು ದಾಖಲೆ ಕಚೇರಿಯಲ್ಲಿ ಓದುವುದಕ್ಕೆ ಇಂಥ ಮಿತಿಯಿಲ್ಲ, ಮತ್ತು ನಿಮ್ಮ ವಯಸ್ಸಿನಲ್ಲಿ ಮಂಡಿಯೂರಿ ಅಗೆಯುವುದಕ್ಕಿಂತ ಅದೇ ಹೆಚ್ಚು ಫಲ ಕೊಡುತ್ತದೆ. ಸಂಘದ ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇಲ್ಲಿಂದಲೇ ಓದಲು ಶುರು ಮಾಡಿ. ಲೆಸ್ಟರ್‌ಶೈರ್‌ನ ದಾಖಲೆಗಳ ಕಚೇರಿ ಇರುವುದು ನಗರದ ದಕ್ಷಿಣಕ್ಕೆ, ವಿಗ್ಸ್ಟನ್‌ನಲ್ಲಿ. ಮಗನ ಮನೆ ಇರುವ ಬೀದಿಯ ಹಳೆಯ ನಕ್ಷೆಗಳನ್ನು ಅಲ್ಲಿ ಕೇಳಿ ಪಡೆದು, ಆ ಜಾಗ ನೂರು, ಇನ್ನೂರು ವರ್ಷದ ಹಿಂದೆ ಏನಾಗಿತ್ತೆಂದು ಒಂದರ ಪಕ್ಕ ಒಂದಿಟ್ಟು ನೋಡಿ. 2012ರ ತಂಡ ಮೊದಲು ಮಾಡಿದ್ದೂ ಇದನ್ನೇ.

ಲೋಹಶೋಧಕ ಯಂತ್ರ ಕೊಂಡು ಹೊಲಕ್ಕಿಳಿಯುವ ಆಸೆ ಮೊಮ್ಮಕ್ಕಳಿಗೆ ಬಂದರೆ ಎಚ್ಚರ ಹೇಳಿ. ನೆಲದ ಮಾಲೀಕರ ಒಪ್ಪಿಗೆ ಬೇಕೇ ಬೇಕು. ರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಅದನ್ನು ಬಳಸುವುದು ಅಪರಾಧ. 1996ರ ನಿಧಿ ಕಾಯ್ದೆಯ ಪ್ರಕಾರ ನಿಧಿ ಎನಿಸುವಂಥದ್ದು ಸಿಕ್ಕರೆ 14 ದಿನದೊಳಗೆ ವರದಿ ಮಾಡಬೇಕು. ನಿಧಿಯಲ್ಲದ ಸಣ್ಣಪುಟ್ಟ ವಸ್ತುಗಳನ್ನೂ ಸ್ಥಳೀಯ ಪುರಾವಸ್ತು ಅಧಿಕಾರಿಗೆ ತೋರಿಸಿದರೆ ಅವರು ಸಿಕ್ಕ ಜಾಗದ ಸಮೇತ ದಾಖಲಿಸಿ, ಬಹುತೇಕ ಸಂದರ್ಭಗಳಲ್ಲಿ ಹಿಂದಿರುಗಿಸುತ್ತಾರೆ.

ಹ್ಯಾಲಟನ್‌ನ ನಾಣ್ಯ ಮತ್ತು ಶಿರಸ್ತ್ರಾಣ ಮಾರ್ಕೆಟ್ ಹಾರ್ಬರೊ ಊರಿನ ಮ್ಯೂಸಿಯಂನಲ್ಲಿವೆ. ಲೆಸ್ಟರ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಈ ಸಲ ಮೊದಲು ಅಲ್ಲಿಗೆ ಹೋಗಿ ಬನ್ನಿ.